ಮಗುವಿನ ಒದೆತ ಕಡಿಮೆಯಾದಾಗ

ಬೀದಿಯ ತಿರುವಿನಲ್ಲೊಂದು ಇಸ್ತ್ರಿ ಅಂಗಡಿ. ನಡೆಸುತ್ತಿದ್ದವರು ಅತ್ತೆ ಮತ್ತು ಸೊಸೆ. ಮಗ ಬಸ್ ಓಡಿಸುತ್ತಿದ್ದ, ಬೆಳಿಗ್ಗೆ ಹೋದರೆ ಮನೆ ಸೇರುವುದು ಸಂಜೆಗೇ. ಅತ್ತೆ ಇಸ್ತ್ರಿ ಮಾಡಿದರೆ ಸೊಸೆ ಮಡಿಸುವಳು. ಲಾಡ್ಜಿನ ದೊಡ್ಡ ಹಾಸುಗಳು ಬಂದಾಗ ಮಾತ್ರ ಇಬ್ಬರೂ ಎದುರುಬದುರು ನಿಂತು ಒಂದೊಂದು ತುದಿ ಹಿಡಿಯುತ್ತಿದ್ದರು. ಸೊಸೆಗೆ ಒಂಬತ್ತನೇ ತಿಂಗಳು, ಚೊಚ್ಚಲು. ಹಾಸು ಮಡಿಸುತ್ತ ಹತ್ತಿರ ಬಂದರೆ ಹೊಟ್ಟೆ ಅಡ್ಡ ಬರುತ್ತಿತ್ತು. "ನಿನ್ನ ಮಗು ಈಗಲೇ ನನ್ನನ್ನ ದೂರ ತಳ್ತಿದೆಯಲ್ಲೇ" ಎಂದು ಅತ್ತೆ ನಗುತ್ತಿದ್ದಳು.

ಅತ್ತೆ ನಾಲ್ಕು ಹೆತ್ತವಳು. ಸೊಂಟ ನೋವು ಎಂದರೆ ಸ್ಟೂಲ್ ಎಳೆದು ಕೂರಿಸುವಳು. ಗಳಿಗೆಗೊಮ್ಮೆ ಮೂತ್ರಕ್ಕೆ ಓಡುವ ಹಾಗಾಗಿದೆ ಎಂದರೆ, ಮಗುವಿನ ತಲೆ ಕೆಳಗಿಳಿದು ಒತ್ತುತ್ತಿದೆ ಎನ್ನುವಳು. ಹೊಟ್ಟೆ ಆಗೊಮ್ಮೆ ಈಗೊಮ್ಮೆ ಬಿಗಿಯಾಗಿ ಸಡಿಲವಾದರೆ ಗಾಬರಿ ಬೇಡ, ಹೆರಿಗೆ ನೋವಾದರೆ ಬಿಡದೆ ಹತ್ತಿರ ಹತ್ತಿರ ಬರುತ್ತದೆ ಎಂದೂ ಹೇಳಿಕೊಟ್ಟಳು. ಅವಳು ಹೇಳಿದ್ದೆಲ್ಲ ಸರಿಯೇ ಇತ್ತು. ಅದಕ್ಕೇ ಸೊಸೆ ಅವಳನ್ನು ಕಣ್ಣು ಮುಚ್ಚಿ ನಂಬಿದ್ದಳು.

ಒಂದು ಮಂಗಳವಾರ ಸೊಸೆ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು.

"ಅತ್ತೆ, ನಿನ್ನೆಯಿಂದ ಮಗು ಮೊದಲಿನ ಹಾಗೆ ಒದೀತಿಲ್ಲ."

"ತಿಂಗಳು ತುಂಬ್ತಾ ಬಂತಲ್ಲ, ಒಳಗೆ ಜಾಗ ಎಲ್ಲಿದೆ? ಹುಟ್ಟೋ ಮುಂಚೆ ಹೀಗೇ ಸುಮ್ಮನಾಗುತ್ತೆ."

ತಿಂಗಳ ತಪಾಸಣೆ ಮಾಡುವ ನರ್ಸಮ್ಮನಿಗೆ ಒಂದು ಫೋನ್ ಮಾಡಲೇ ಎಂದು ಸೊಸೆ ಕೇಳಿದಳು. ಗುರುವಾರ ಹೇಗೂ ತಪಾಸಣೆ ಇದೆ, ಇಷ್ಟಕ್ಕೆಲ್ಲ ಅವರ ತಲೆ ತಿನ್ನಬೇಡ ಎಂದಳು ಅತ್ತೆ. ಬುಧವಾರ ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತದ್ದನ್ನು ಅತ್ತೆ ನೋಡಿದಳು. ನೋಡಿಯೂ ಮುಂದಿನ ಅಂಗಿಗೆ ಕೈ ಹಾಕಿದಳು.

ಗುರುವಾರ ನರ್ಸಮ್ಮ ಹೊಟ್ಟೆಯ ಮೇಲೆ ಮಗುವಿನ ಎದೆಬಡಿತ ಕೇಳುವ ಯಂತ್ರವಿಟ್ಟರು. ಜಾಗ ಬದಲಿಸಿದರು, ಮತ್ತೆ ಬದಲಿಸಿದರು. ಕೂಡಲೇ ದೊಡ್ಡಾಸ್ಪತ್ರೆಗೆ ಹೊರಡಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು, ಮಗುವಿನ ಎದೆಬಡಿತ ನಿಂತಿದೆ ಎಂದು ಮೆಲ್ಲಗೆ ಹೇಳಿದರು.

ಆಮೇಲೂ ಸೊಸೆ ನೋವು ತಿಂದೇ ಹೆರಬೇಕಾಯಿತು. ಹೆಣ್ಣು ಮಗು. ತಲೆತುಂಬ ಕೂದಲು, ಮೂಗು ಅಪ್ಪನದೇ. ಮಗುವನ್ನು ಸುತ್ತಲು ಬಟ್ಟೆ ತನ್ನಿ ಎಂದು ಆಸ್ಪತ್ರೆಯವರು ಹೇಳಿದಾಗ ಅತ್ತೆ ಅಂಗಡಿಗೆ ಬಂದು, ಮೆತ್ತನೆಯ ಬಿಳಿ ಬಟ್ಟೆಯೊಂದನ್ನು ಹುಡುಕಿ, ಅದಕ್ಕೆ ಇಸ್ತ್ರಿ ಮಾಡಿದಳು. ಮಾಡು ಎಂದು ಯಾರೂ ಹೇಳಿರಲಿಲ್ಲ. ಒಂದು ಸುಕ್ಕೂ ಉಳಿಯದಂತೆ ಮಾಡಿ, ಬಿಸಿ ಆರುವ ತನಕ ಕಾದು, ತೆಗೆದುಕೊಂಡು ಹೋದಳು.

ಮೂರನೇ ದಿನ ಸೊಸೆಯ ಎದೆಯಲ್ಲಿ ಹಾಲು ಬಂತು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತೆಯೊಡನೆ ಜಗಳವಾಡಲಿಲ್ಲ, ಒಂದು ಮಾತನ್ನೂ ಎತ್ತಿ ಆಡಲಿಲ್ಲ. ಬೈದಿದ್ದರೆ ಅತ್ತೆಗೆ ಎಷ್ಟೋ ಹಗುರವಾಗುತ್ತಿತ್ತು.

ಬಾಣಂತಿಯನ್ನು ನೋಡಲು ನರ್ಸಮ್ಮ ಮನೆಗೆ ಬಂದರು. ಅವರು ಹೊರಟಾಗ ಅತ್ತೆ ಬಾಗಿಲಲ್ಲಿ ತಡೆದಳು.

"ನನ್ನಿಂದ್ಲೇ ಹೀಗಾಯ್ತಾ, ಸಿಸ್ಟರ್?"

ನರ್ಸಮ್ಮ ಚೀಲ ಕೆಳಗಿಟ್ಟರು. "ಮಂಗಳವಾರವೇ ಬಂದಿದ್ರೆ ಖಂಡಿತ ಉಳೀತಿತ್ತು ಅಂತ ನಾನು ಹೇಳಲಾರೆ, ಅಮ್ಮಾ. ಉಳಿಸೋಕೆ ನಮಗೊಂದು ಅವಕಾಶ ಸಿಗ್ತಿತ್ತು."

"ನನ್ನ ನಾಲ್ಕು ಹೆರಿಗೇಲೂ ಕೊನೆಗೆ ಮಕ್ಕಳು ಸುಮ್ಮನಾಗ್ತಿದ್ವು ಅಂತಲೇ ನನ್ನ ನೆನಪು."

ಹಾಗಂತ ಬಹಳ ಜನ ನಂಬಿದ್ದಾರೆ, ಆದರೆ ಅದು ತಪ್ಪು ಎಂದರು ನರ್ಸಮ್ಮ. ಕೊನೆಯ ವಾರಗಳಲ್ಲಿ ಒದೆತದ ರೀತಿ ಬದಲಾಗಬಹುದು, ಹೊರಳಿದ ಹಾಗೆ, ತಳ್ಳಿದ ಹಾಗೆ ಅನಿಸಬಹುದು. ಆದರೆ ಮಗುವಿನ ಓಡಾಟ ಕಡಿಮೆಯಾಗಬಾರದು. ಹೆರಿಗೆಯ ದಿನದವರೆಗೂ ಅದು ಆಡುತ್ತಲೇ ಇರಬೇಕು. ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತಳು. ನರ್ಸಮ್ಮನೂ ಅವಳ ಪಕ್ಕ ಕೂತರು.

ಎರಡು ವರ್ಷದ ನಂತರ ಸೊಸೆ ಮತ್ತೆ ಗರ್ಭಿಣಿಯಾದಳು. ಎಂಟನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಮಗು ಬೆಳಿಗ್ಗೆಯಿಂದ ಸಪ್ಪಗಿದೆ ಎಂದಳು. ಅತ್ತೆ ಇಸ್ತ್ರಿಯ ಪ್ಲಗ್ ಕಿತ್ತು, "ಏಳು, ಹೋಗೋಣ" ಎಂದಳು. ಮಗನಿಗೆ ದಾರಿಯಲ್ಲೇ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಕೇಳಿಸಿತು. ಎಲ್ಲ ಸರಿಯಾಗಿತ್ತು. ಸುಮ್ಮನೆ ತೊಂದರೆ ಕೊಟ್ಟೆವೇನೋ ಎಂದು ಅತ್ತೆ ಸಂಕೋಚಪಟ್ಟಾಗ, ನಾಳೆ ಮತ್ತೆ ಹಾಗನಿಸಿದರೆ ನಾಳೆಯೂ ಬನ್ನಿ ಎಂದರು ನರ್ಸಮ್ಮ. ವಾರ ಕಳೆಯುವುದರೊಳಗೆ ಇನ್ನೊಮ್ಮೆ ಹೋದರು. ಈ ಸಲ ಮಗನೇ ಹೊರಡಿಸಿದ.

ಗಂಡು ಮಗು ಹುಟ್ಟಿತು, ಅಳುತ್ತಲೇ ಹುಟ್ಟಿತು. ಅತ್ತೆಯೂ ಅತ್ತಳು. ಆದರೆ ಅವಳು ಅತ್ತದ್ದು ಈ ಮಗುವಿಗಾಗಿ ಮಾತ್ರವಲ್ಲ ಎಂಬುದು ಸೊಸೆಗೆ ತಿಳಿಯಿತು. ಸೊಸೆ ಅವಳ ಕೈ ಹಿಡಿದುಕೊಂಡಳು. ಈಗ ಯಾರಾದರೂ ಮೊಮ್ಮಕ್ಕಳೆಷ್ಟು ಎಂದು ಕೇಳಿದರೆ ಅತ್ತೆ "ಇಬ್ಬರು" ಎನ್ನುತ್ತಾಳೆ.

ಅಕ್ಕ ತಂಗಿಯರೇ, ಗರ್ಭಿಣಿಯ ಮನೆಯವರೇ, ನಿಮ್ಮ ಮಗು ಆಡುವ ರೀತಿ ನಿಮಗೇ ಗೊತ್ತು. ಅದು ಕಡಿಮೆಯಾಯಿತು ಅನಿಸಿದರೆ ನಾಳೆ ನೋಡೋಣ ಎನ್ನಬೇಡಿ, ತಪಾಸಣೆಯ ದಿನಕ್ಕೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ರಕ್ತ ಕಂಡರೆ, ನೀರು ಹೋದರೆ, ತಲೆ ಸಿಡಿಯುವಂತೆ ನೋವು ಬಂದರೆ, ಕಣ್ಣು ಮಂಜಾದರೆ, ಮುಖ ಅಥವಾ ಕೈ ಇದ್ದಕ್ಕಿದ್ದಂತೆ ಊದಿಕೊಂಡರೆ, ಜ್ವರ ಬಂದರೆ ಆಗಲೂ ತಡಮಾಡಬೇಡಿ. ಏನೂ ಆಗಿಲ್ಲ ಎಂದು ಡಾಕ್ಟರು ವಾಪಸ್ ಕಳಿಸಿದರೆ ನಾಚಿಕೆ ಪಡಬೇಡಿ, ನೆಮ್ಮದಿಯಿಂದ ಮನೆಗೆ ಬನ್ನಿ. ಮನೆಯ ಹಿರಿಯರಲ್ಲಿ ಒಂದೇ ಕೋರಿಕೆ: ಹುಡುಗಿ ಬಂದು "ಯಾಕೋ ಸರಿಯಿಲ್ಲ" ಎಂದರೆ, ಕೈಯ ಕೆಲಸ ಬಿಟ್ಟು ಅವಳ ಜೊತೆ ಹೊರಡಿ.