ಆಗ್ನೆಸ್ ಹಿಡಿಸುವ ಮೆಟ್ಟಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಊರು ಹುಡುಕಿ ನೋಡು ಎಂಬುದನ್ನೂ ಯಾರಾದರೂ ಸೇರಿಸಬೇಕಿತ್ತು. ಗ್ರೇಡಿ ಮತ್ತು ನಾನು ಹೆಚ್ಚುಕಡಿಮೆ ಒಂದು ವರ್ಷ ಊರು ಹುಡುಕಿದೆವು. ಬಾಸ್ಟನ್ನಿನಲ್ಲಿ ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಬಚ್ಚಲಿಗೆ ಹೋಗುವಂತಿರಲಿಲ್ಲ. ನಮ್ಮ ವಯಸ್ಸಿನ ಗೆಳೆಯರೆಲ್ಲ ಒಬ್ಬೊಬ್ಬರಾಗಿ ತೀರಾ ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ ಊರುಗಳಿಗೆ ಗಂಟುಮೂಟೆ ಕಟ್ಟಿ ಹೋಗಿದ್ದರು. ಅಲ್ಲಿಂದ ನಮ್ಮ ಹಿತ್ತಿಲು, ನಮ್ಮ ನಾಯಿ, ನಮ್ಮ ತೊಟ್ಟಿಲು ಎಂದು ಫೋಟೋ ಕಳಿಸಿ ಹೊಟ್ಟೆ ಉರಿಸುತ್ತಿದ್ದರು.

ಕೆಲಸದ ಚಿಂತೆ ನಮಗಿರಲಿಲ್ಲ. ನಾನು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವವಳು. ಮುರಿದ ಮೊಣಕಾಲು ಯಾವ ಊರಿನಲ್ಲಿಲ್ಲ? ಗ್ರೇಡಿಯದು ಮನೆಯಲ್ಲೇ ಕೂತು ಮಾಡುವ ವಿಮಾ ಕಂಪನಿಯ ಕೆಲಸ. "ಊರು ಒಂದು ಗೊತ್ತಾಗ್ಲಿ ಕೊರಿ, ಮದ್ವೆ ಅಲ್ಲೇ ಆಗೋಣ," ಎಂದಿದ್ದ. ಕೊರಿನ್ ಎಂಬ ನನ್ನ ಹೆಸರನ್ನು ಹಾಗೆ ಮೊಟಕು ಮಾಡುವವನು ಅವನೊಬ್ಬನೇ. ಆ ಮಾತನ್ನು ನಾನು ಗಂಟು ಹಾಕಿಕೊಂಡೆ.

ಗ್ರೇಡಿ ಮತ್ತು ನಾನು ಎಂದೆ, ತಪ್ಪು. ನಾವು ಮೂವರು. ಮೂರನೆಯವಳು ಆಗ್ನೆಸ್. ಹಾಗೆಂದು ಅವನು ಹೆಸರಿಟ್ಟಿದ್ದ ಡಬಲ್ ಬಾಸ್, ಆಳೆತ್ತರದ ತಂತಿವಾದ್ಯ, ನಮ್ಮ ಮಂಚಕ್ಕೂ ಕಿಟಕಿಗೂ ನಡುವೆ ದಪ್ಪ ಸೊಂಟ ಊರಿಕೊಂಡು ನಿಂತಿರುತ್ತಿತ್ತು. ಅದರ ಹೆಗಲಿಗೆ ನನ್ನ ಕೋಟು ನೇತುಹಾಕಿದರೆ ಗ್ರೇಡಿ ಊಟ ಬಿಡುತ್ತಿದ್ದ. ನಾನು ಅದನ್ನು ಸವತಿ ಎಂದೇ ಕರೆಯುತ್ತಿದ್ದೆ.

ಊರು ನೋಡುವುದಕ್ಕೆ ನಾವೊಂದು ನಿಯಮ ಮಾಡಿಕೊಂಡಿದ್ದೆವು. ಹೋದ ಊರಿನಲ್ಲಿ ಪ್ರವಾಸಿಗರ ಹಾಗೆ ಗೋಪುರ, ಮ್ಯೂಸಿಯಂ ನೋಡಬಾರದು. ಒಂದು ಸಾಮಾನ್ಯ ಶನಿವಾರವನ್ನು ಅಲ್ಲಿಯವರ ಹಾಗೇ ಕಳೆಯಬೇಕು. ಒಗೆಯುವ ಬಟ್ಟೆಯನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಅಲ್ಲಿನ ಲಾಂಡ್ರಿಯಲ್ಲಿ ನಾಣ್ಯ ಹಾಕಿ ಒಗೆಯಬೇಕು, ತರಕಾರಿ ಕೊಳ್ಳಬೇಕು, ಒಂದೆರಡು ಬಾಡಿಗೆ ಮನೆ ನೋಡಬೇಕು. ಬಟ್ಟೆ ಒಗೆಯುವಾಗ ಬೇಜಾರಾಗದ ಊರು ಬಾಳುವುದಕ್ಕೆ ಆಗುತ್ತದೆ ಎಂಬುದು ಗ್ರೇಡಿಯ ಸಿದ್ಧಾಂತ.

ಮೊದಲು ಹೋದದ್ದು ಒಮಾಹಾಕ್ಕೆ, ಜೂನ್ ತಿಂಗಳಲ್ಲಿ. ಹೊರಗೆ ಕಾಲಿಟ್ಟರೆ ಬೆಂದುಹೋಗುವಂಥ ಸೆಕೆ. ಆದರೂ ಅಲ್ಲಿ ಒಂದು ಮನೆ ಸಿಕ್ಕಿತು. ಮೇಲಿನ ಮಹಡಿ, ಎರಡು ಕೋಣೆ, ಅಡುಗೆಮನೆಯ ಕಿಟಕಿಯ ಹೊರಗೆ ಹಿಪ್ಪುನೇರಳೆ ಮರ. ಗ್ರೇಡಿ ಹಿಂಬದಿ ಜೇಬಿನಿಂದ ಅಳತೆ ಟೇಪು ತೆಗೆದು ನೇರ ಮೆಟ್ಟಿಲಿಗೆ ಹೋದ. ಮೆಟ್ಟಿಲು ನಡುವೆ ತಿರುಗುವ ಕಡೆ ಮಂಡಿಯೂರಿ ಅಡ್ಡ ಅಳೆದ, ಉದ್ದ ಅಳೆದ, ಮತ್ತೆ ಅಳೆದ. ಆಗ್ನೆಸ್ ಹಿಡಿಸುವುದಿಲ್ಲ. ನಾಲ್ಕು ಬೆರಳು ಕಡಿಮೆ.

"ಇರ್ಲಿ ಬಿಡು ಕೊರಿ," ಅಂದ, ಮೆಟ್ಟಿಲ ಮೇಲೇ ಕೂತುಕೊಂಡು. "ಅವಳನ್ನ ನಮ್ಮಣ್ಣನ ಮನೇಲಿ ಬಿಡ್ತೀನಿ. ಈ ಮನೆ ನಂಗಿಷ್ಟ ಆಯ್ತು."

"ಸುಮ್ನಿರೋ ಮಾರಾಯ. ಎರಡೇ ದಿನಕ್ಕೆ ಅವಳನ್ನ ನೆನೆಸ್ಕೊಂಡು ಮುಖ ಊದಿಸ್ಕೊಂಡು ಕೂರ್ತೀಯ. ಊರಿಗೇನು ಬರಗಾಲ? ಬೇರೆ ನೋಡೋಣ."

"ಸವತಿ ಮೇಲೆ ಇಷ್ಟು ಪ್ರೀತಿನಾ?"

"ಗಂಡನ ಮೇಲೆ ಕಣೋ," ಅಂದೆ. ಅವನು ನಕ್ಕು ನನ್ನ ಪಾದ ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡ. ಮನೆ ತೋರಿಸಲು ಬಂದವನು ಕೆಳಗೆ ನಿಂತು ಕೆಮ್ಮುತ್ತಿದ್ದ.

ಅಕ್ಟೋಬರಿನಲ್ಲಿ ಲೂಯಿವಿಲ್. ಊರು ಚೆನ್ನಾಗಿತ್ತು, ಜನ ಮಾತುಗಾರರು. ಲಾಂಡ್ರಿಯಲ್ಲಿ ಒಬ್ಬ ಹೆಂಗಸು ತನ್ನ ಮೂರೂ ಗಂಡಂದಿರ ಕಥೆ ಹೇಳಿ ನಮ್ಮ ಬಟ್ಟೆಯನ್ನೂ ಮಡಚಿಕೊಟ್ಟಳು. ಗ್ರೇಡಿಯ ಮನಸ್ಸು ಆವತ್ತು ಎಲ್ಲೋ ಇತ್ತು. ನೋಡಿದ ಮನೆಯ ಮೆಟ್ಟಿಲನ್ನು ಅಳೆಯಲಿಲ್ಲ, ಕಣ್ಣಲ್ಲೇ ನೋಡಿ "ಆಗ್ಬೋದು" ಅಂದ. ದಣಿದಿದ್ದಾನೆ ಅಂದುಕೊಂಡೆ. ಮನೆ ಬಚ್ಚಲಿನ ವಾಸನೆ ಹೊಡೆಯುತ್ತಿತ್ತು, ಹಾಗಾಗಿ ಬೇಡವೆಂದೆವು.

ಫೆಬ್ರವರಿಯಲ್ಲಿ ಮಿಲ್ವಾಕಿ. ಈ ಸಲ ಹೊರಡಿಸಿದವನು ಅವನೇ. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ನನ್ನಂಥವರಿಗೆ ಕೆಲಸವಿದೆ ಎಂದು ಹುಡುಕಿ ತೆಗೆದವನೂ ಅವನೇ. ಊರಂಚಿನ ಸರೋವರ ದಡದವರೆಗೂ ಹೆಪ್ಪುಗಟ್ಟಿತ್ತು. ಲಾಂಡ್ರಿಯಲ್ಲಿ ಚೀಲ ಸುರಿದರೆ ಅದರಲ್ಲಿ ನನ್ನ ಬಟ್ಟೆಗಳು ಮಾತ್ರ ಇದ್ದವು.

"ನಿಂದೆಲ್ಲೋ?"

"ಮೊನ್ನೆ ತಾನೇ ಒಗ್ದಿದ್ದೆ," ಅಂದ. ನಿಯಮ ಮುರಿದೆ ಎಂದು ರೇಗಿಸಿದೆ. ಅವನು ನನ್ನ ಒಂದೊಂದೇ ಅಂಗಿಯನ್ನು ಜೋಪಾನವಾಗಿ ಮಡಚಿದ.

ಮನೆಯ ಒಡತಿ ಲೊರೇನ್ ಎಪ್ಪತ್ತು ದಾಟಿದ ಪೋಲಿಷ್ ಮೂಲದ ಹೆಂಗಸು. ಕೆಳಗಿನ ಮನೆಯಲ್ಲಿ ತಾನಿದ್ದು ಮೇಲಿನದನ್ನು ಬಾಡಿಗೆಗೆ ಕೊಡುತ್ತಿದ್ದಳು. ಗ್ರೇಡಿ ಅವಳನ್ನು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಹಿಮ ಬಿದ್ದರೆ ಮೆಟ್ಟಿಲು ಯಾರು ಗುಡಿಸುತ್ತಾರೆ, ಬೀಗ ಹಳೆಯದಾ, ಬಸ್ಸು ಎಲ್ಲಿ ನಿಲ್ಲುತ್ತದೆ, ಕತ್ತಲಾದ ಮೇಲೆ ಒಬ್ಬಳೇ ಹೆಂಗಸು ಆ ದಾರಿಯಲ್ಲಿ ನಡೆದು ಬಂದರೆ ಪರವಾಗಿಲ್ಲವಾ. ಕಿಟಕಿಗಳನ್ನು ಒಂದೊಂದಾಗಿ ತೆರೆದು ಮುಚ್ಚಿ ನೋಡಿದ. ಬಿಸಿನೀರು ಬರುವವರೆಗೂ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತ.

"ಹೆಣ್ಣು ಕೊಡೋ ಮನೆ ನೋಡಕ್ಕೆ ಬಂದ ಅಪ್ಪನ ಥರ ಕೇಳ್ತೀಯಲ್ಲಪ್ಪ," ಅಂದಳು ಲೊರೇನ್. ನಾವು ಮೂವರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಇಷ್ಟು ಕಾಳಜಿಯ ಗಂಡಸು ಯಾರಿಗೆ ಸಿಗುತ್ತಾನೆ ಎಂದು ಎದೆಯುಬ್ಬಿಸಿಕೊಂಡು ಆ ಮೆಟ್ಟಿಲು ಇಳಿದೆ.

ಆಸ್ಪತ್ರೆಯ ಕೆಲಸ ನನಗೇ ಸಿಕ್ಕಿತು. ಸಂದರ್ಶನಕ್ಕೆ ನನ್ನನ್ನು ಕೂರಿಸಿಕೊಂಡು ತಯಾರು ಮಾಡಿದವನು ಗ್ರೇಡಿ. ಬಾಸ್ಟನ್ನಿನ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಅಮ್ಮ ಅರಿಜೋನಾದಲ್ಲಿ ತನ್ನ ಹೊಸ ಗಂಡನ ಜೊತೆಗಿದ್ದಾಳೆ, ಹುಟ್ಟುಹಬ್ಬಕ್ಕೊಂದು ಕಾರ್ಡು ಕಳಿಸುವಷ್ಟು ನಂಟು. ಫೋನ್ ಮಾಡಿ, "ಬೇಸಗೆ ಮುಗಿಯೋದ್ರೊಳಗೆ ಮದ್ವೆ ಅಮ್ಮ, ಮದ್ವೆಗೆ ಹಾಕ್ಕೊಳ್ಳೋ ಟೊಪ್ಪಿ ತಗೊಂಡಿಟ್ಕೋ," ಅಂದೆ. ತಗೊಂಡಿಟ್ಟುಕೊಂಡಳಂತೆ, ನೀಲಿಯದು.

ಮೇ ತಿಂಗಳಲ್ಲಿ ಬಾಡಿಗೆ ಲಾರಿಯಲ್ಲಿ ಸಾಮಾನು ತುಂಬಿಕೊಂಡು ಹೊರಟೆವು. ಗ್ರೇಡಿ ತುಂಬುವ ಕೆಲಸ ನನಗೆ ಬಿಡಲಿಲ್ಲ. "ನೀನು ನಿನ್ನ ಆಸ್ಪತ್ರೆಯೋರಿಗೆ ಹೇಳಿ ಬಾ, ನಾನು ಮಾಡ್ತೀನಿ," ಅಂದಿದ್ದ. ದಾರಿಯುದ್ದಕ್ಕೂ ಹಾಡು ಹಾಕಲಿಲ್ಲ, ಆದರೂ ಹೋಟೆಲಿನಲ್ಲಿ ನನ್ನ ಮೊಟ್ಟೆಯ ಮೇಲೆ ನಾನು ಕೇಳುವ ಮೊದಲೇ ಮೆಣಸಿನ ಪುಡಿ ಉದುರಿಸಿದ. ಮಿಲ್ವಾಕಿಯಲ್ಲಿ ಲಾರಿಯ ಹಿಂಬಾಗಿಲು ಎತ್ತಿದಾಗ ನನ್ನ ಮಂಚ, ನನ್ನ ಪುಸ್ತಕ, ನನ್ನ ಸೈಕಲ್ಲು, ನನ್ನ ಪಾತ್ರೆ ಕಂಡವು.

"ನನ್ನ ಸವತಿ ಎಲ್ಲೋ?"

ಅವನು ಒಂದು ಪೆಟ್ಟಿಗೆ ಎತ್ತಿಕೊಂಡು ಬೆನ್ನು ತಿರುಗಿಸಿದ. "ಈ ಮೆಟ್ಟಿಲಲ್ಲಿ ಅವಳು ಹಿಡಿಸಲ್ಲ ಕೊರಿ. ತಿರುವು ತುಂಬ ಚಿಕ್ಕದು."

ನಂಬಿದೆ. ಕಣ್ಣಿದ್ದೂ ಕುರುಡಿಯಾದವಳು ಇನ್ನೇನು ಮಾಡುತ್ತಾಳೆ? ಅವನು ಇಡೀ ಮಧ್ಯಾಹ್ನ ಕೆಲಸ ಮಾಡಿದ. ಮಂಚ ಜೋಡಿಸಿದ, ಹೊಗೆ ಬಂದರೆ ಕೂಗುವ ಗಂಟೆಗೆ ಬ್ಯಾಟರಿ ಹಾಕಿದ, ಬಾಗಿಲಿಗೆ ಹೊಸ ಚಿಲಕ ಬಡಿದ. ಅಡುಗೆಮನೆಯ ಗೋಡೆಗೆ ಹಲಗೆ ಹೊಡೆಯಲು ಟೇಪು ಹಿಡಿದು ಗುರುತು ಹಾಕುತ್ತಿದ್ದಾಗ ನಾನು ಅಂದೆ, "ಗ್ರೇಡಿ, ಪೆಟ್ಟಿಗೆ ಬಿಚ್ಚೋದು ಬೇಡ. ಲೊರೇನ್‌ಗೆ ನಾನು ಹೇಳ್ತೀನಿ. ಆಗ್ನೆಸ್ ಹಿಡಿಸೋ ಮನೆ ಈ ಊರಲ್ಲಿ ಎಲ್ಲಾದ್ರೂ ಇದ್ದೇ ಇರುತ್ತೆ. ಒಮಾಹಾದಲ್ಲಿ ಮನೆ ಬಿಟ್ಟಿದ್ವಿ, ಇಲ್ಲೂ ಬಿಡೋಣ. ಅವಳಿಲ್ದೆ ನೀನು ಇರಲ್ಲ."

ಅವನು ಪೆನ್ಸಿಲು ಕೆಳಗಿಟ್ಟ.

"ನಾನು ಇಲ್ಲಿ ಇರಲ್ಲ ಕೊರಿ."

"ಇವತ್ತು ತಾನೇ? ಲಾರಿ ವಾಪಸ್ ಕೊಟ್ಟು..."

"ಇಲ್ಲ. ಬರಲ್ಲ."

ಒಲೆಯ ಅಂಚು ಹಿಡಿದು ನಿಂತೆ. ಕೆಳಗೆ ಲೊರೇನಳ ರೇಡಿಯೋದಲ್ಲಿ ಬೇಸ್‌ಬಾಲ್ ಆಟದ ಗಲಾಟೆ. ಇನ್ನೊಬ್ಬಳಿದ್ದಾಳಾ ಎಂದು ಕೇಳಿದೆ. ಇಲ್ಲವಂತೆ. ಏನು ಮಾಡಿದೆ ನಾನು ಎಂದು ಕೇಳಿದೆ. ಏನೂ ಇಲ್ಲವಂತೆ. ಪ್ರೀತಿ ಹೋಯಿತು, ಎಲ್ಲಿಗೆ ಹೋಯಿತೋ ತನಗೂ ಗೊತ್ತಿಲ್ಲವಂತೆ.

"ನೀನು ಬಾಸ್ಟನ್‌ಗೆ ಬಂದಿದ್ದೇ ನಂಗೋಸ್ಕರ. ಅಲ್ಲಿ ನಿಂಗೆ ನನ್ನ ಬಿಟ್ರೆ ಯಾರಿದ್ರು?" ಅಂದ. "ಆ ಒಂದು ಕೋಣೇಲಿ ನಿನ್ನ ಬಿಟ್ಟು ಹೋಗಕ್ಕೆ ಆಗ್ಲಿಲ್ಲ. ನಿಂಗೊಂದು ಒಳ್ಳೆ ಕಡೆ ನೋಡೋಣ ಅಂತ... ಇಲ್ಲಿ ಚೆನ್ನಾಗಿರ್ತೀಯ. ಆ ಮುದುಕಿ ಒಳ್ಳೆಯವಳು."

"ಯಾವಾಗಿಂದ?"

"ಲೂಯಿವಿಲ್‌ಗೆ ಹೋಗೋ ಹೊತ್ತಿಗೆ ಗೊತ್ತಾಗಿತ್ತು."

"ಒಮಾಹಾ?"

ಆಗ ಅವನ ಮುಖ ಮುದುಡಿತು. ಅಳಬೇಕಾದವಳು ನಾನು ತಾನೇ, ಅಳುತ್ತಿದ್ದವನು ಅವನು. "ಒಮಾಹಾ ನಿಜ ಕೊರಿ," ಅಂದ. "ಒಮಾಹಾದಲ್ಲಿ ನಿಜ್ವಾಗ್ಲೂ ಮದ್ವೆ ಆಗ್ತಿದ್ದೆ."

ಬೈಗುಳಗಳಲ್ಲಿ ನಾನು ಬಡವಿಯಲ್ಲ. ಎಲ್ಲವೂ ಗಂಟಲಿಗೆ ಬಂದವು. ಬಾಯಿಂದ ಹೊರಬಿದ್ದದ್ದು ಮಾತ್ರ, "ಹಲಗೆ ಹೊಡೆದು ಮುಗಿಸಿ ಹೋಗು." ಅವನು ಮುಗಿಸಿದ. ನೆಟ್ಟಗೆ, ಗಟ್ಟಿಯಾಗಿ, ನನ್ನ ಕೈಗೆ ಎಟುಕುವ ಎತ್ತರಕ್ಕೆ ಹೊಡೆದ. ಅವನು ಇಳಿದು ಹೋಗುವಾಗ ನಾನು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದೆ. ಲಾರಿ ತಿರುವು ದಾಟಿದ ಸದ್ದು ಕೇಳಿದ ಮೇಲೆ ನೆಲದ ಮೇಲೆ ಕೂತು ಅತ್ತೆ. ಅಮ್ಮನಿಗೆ ಫೋನ್ ಮಾಡಿ ಟೊಪ್ಪಿ ಹಿಂತಿರುಗಿಸು ಎಂದು ಹೇಳುವುದಕ್ಕೆ ಒಂದು ವಾರ ಬೇಕಾಯಿತು.

ಅವನು ನೋಡಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ. ದಾರಿಯಲ್ಲಿ ದೀಪವಿದೆ. ಬೀಗ ಗಟ್ಟಿ. ನೀರು ಬಿಸಿಯಾಗಿ ಬರುತ್ತದೆ. ಇದೊಂದು ಕೆಟ್ಟ ಊರಾಗಿದ್ದರೆ ಮನಸಾರೆ ಅವನನ್ನು ಶಪಿಸಿ, ಹೊರಟುಹೋಗಿ, ಎಲ್ಲಾದರೂ ಹೊಸದಾಗಿ ಬದುಕಬಹುದಿತ್ತು. ಶುಕ್ರವಾರ ಬಂದರೆ ಲೊರೇನ್ ನನ್ನನ್ನು ಮೂಲೆಯ ಬಾರಿಗೆ ಎಳೆದುಕೊಂಡು ಹೋಗಿ ಕರಿದ ಮೀನು, ರೈ ಬ್ರೆಡ್ಡು ತಿನ್ನಿಸುತ್ತಾಳೆ. ಗ್ರೇಡಿಯ ಸುದ್ದಿಯನ್ನು ಅವಳು ಒಮ್ಮೆಯೂ ಎತ್ತಿಲ್ಲ.

ಕಳೆದ ಶುಕ್ರವಾರ ಅವಳ ಗೆಳತಿಯೊಬ್ಬಳು ನಮ್ಮ ಮೇಜಿಗೆ ಬಂದು ಕೂತಳು. ಹೊಸಬರನ್ನು ಎಲ್ಲರೂ ಕೇಳುವುದನ್ನೇ ಕೇಳಿದಳು. "ಅಷ್ಟೊಂದು ಊರಿದ್ವಲ್ಲ ಮಗಾ, ಇದನ್ನೇ ಹೆಂಗೆ ಆರಿಸ್ಕೊಂಡೆ?"

"ನಾನು ಆರಿಸ್ಕೊಂಡಿದ್ದಲ್ಲ," ಅಂದೆ. "ನಮ್ಮ ಕಡೆಯೋರು ಒಬ್ರು ಬಂದು ನೋಡಿ, ವಿಚಾರಿಸಿ, ಗೊತ್ತು ಮಾಡಿ ಹೋದ್ರು." ಲೊರೇನ್ ಮೇಜಿನ ಕೆಳಗೆ ನನ್ನ ಮಂಡಿಯ ಮೇಲೆ ಕೈಯಿಟ್ಟಳು.

ಮನೆಗೆ ಬಂದು ಆ ಹಲಗೆಯ ಮೇಲಿಂದ ಅವನು ಮರೆತು ಹೋದ ಟೇಪನ್ನು ತೆಗೆದುಕೊಂಡೆ. ಇಷ್ಟು ದಿನ ಮುಟ್ಟಿರಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಅವನ ಹಾಗೇ ಮಂಡಿಯೂರಿ ಅಡ್ಡ ಅಳೆದೆ, ಉದ್ದ ಅಳೆದೆ, ನಂಬಿಕೆಯಾಗದೆ ಮತ್ತೆ ಅಳೆದೆ. ಆಗ್ನೆಸ್ಸಿನ ಸೊಂಟದ ಅಳತೆ ನನಗೆ ಬಾಯಿಪಾಠ. ಅವಳು ಹಿಡಿಸುತ್ತಿದ್ದಳು. ಕುತ್ತಿಗೆಯನ್ನು ಮೇಲೆ ಮಾಡಿ, ಅವನು ಮುಂದೆ, ನಾನು ಹಿಂದೆ ನಿಂತು ಎತ್ತಿದ್ದರೆ, ಗೋಡೆಗೆ ಒಂದು ಗೀರೂ ಬೀಳದೆ ಮೇಲೆ ಬರುತ್ತಿದ್ದಳು. ಅವನು ಅಳೆದೇ ಇರಲಿಲ್ಲ.