ಆ ಪಕ್ಕದಲ್ಲಿ ಇಬ್ಬರೇ

ನನ್ನ ಗಂಡ ನುಮೇರಿಯುಸ್ ರೋಮಿನ ಸೆನೆಟ್ಟಿನಲ್ಲಿ ಇಪ್ಪತ್ತು ವರ್ಷ ಕೂತರೂ ಒಂದು ದಿನ ತುಟಿ ಬಿಚ್ಚಿದವರಲ್ಲ. ಹಿಂದಿನ ಬೆಂಚಿನವರನ್ನು ಅಲ್ಲಿ ಯಾರೂ ಮಾತಿಗೆ ಕರೆಯುವುದಿಲ್ಲ. ಅವರು ಎದ್ದು, ತಮಗೊಪ್ಪಿದ ಪಕ್ಕಕ್ಕೆ ನಡೆದು ನಿಲ್ಲಬೇಕು. ಅದೇ ಅವರ ಮತ. ಭಾಷಣವೆಲ್ಲ ಮನೆಯಲ್ಲಿ, ನನ್ನ ಅಡುಗೆಯ ಮೇಲೆ.

ನಮ್ಮ ಒಬ್ಬನೇ ಮಗ ವಿಬಿಯುಸ್ ಗಾಲ್ ದೇಶದಲ್ಲಿ ಸೀಸರನ ದಂಡಿನಲ್ಲಿದ್ದ. ಸೀಸರನೂ ಅವನ ಎದುರಾಳಿ ಪಾಂಪೆಯೂ ಇಬ್ಬರೂ ದಂಡು ಬಿಡಲಿ ಎಂದು ಡಿಸೆಂಬರಿನಲ್ಲಿ ಇವರೆಲ್ಲ ಒಂದೇ ಪಕ್ಕಕ್ಕೆ ನಡೆದಿದ್ದರು. ತಿಂಗಳು ತುಂಬಿತೋ ಇಲ್ಲವೋ, ಬೇರೆ ನಿರ್ಣಯ ಬಂತು: ಸೀಸರ್ ಮಾತ್ರ ಬಿಡಬೇಕು, ಬಿಡದಿದ್ದರೆ ದೇಶದ ಶತ್ರು. ಅವನು ಶತ್ರುವಾದರೆ ನನ್ನ ಮಗನೂ ಶತ್ರುವೇ. ಆ ಬೆಳಿಗ್ಗೆ ಇವರ ಉಡುಪಿನ ಮಡಿಕೆ ಸರಿಮಾಡುತ್ತಾ ಹೇಳಿದೆ: "ರೀ, ಯಾರು ಎಲ್ಲಿಗಾದ್ರೂ ಹೋಗ್ಲಿ. ನೀವು ಮಗನ್ನ ನೆನಸ್ಕೊಂಡು ಎದುರು ಪಕ್ಕಕ್ಕೆ ಹೋಗಿ ನಿಂತ್ಕೊಳ್ಳಿ."

ಆಗಲಿ ಎಂದು ಮಾತು ಕೊಟ್ಟು ಹೋದರು.

ಸಂಜೆ ಬಂದವರು ನನ್ನ ಮುಖ ನೋಡಲಿಲ್ಲ. ಅಕ್ಕಪಕ್ಕದವರೆಲ್ಲ ಎದ್ದು ನಡೆದರಂತೆ. ಬೆಂಚಿನಲ್ಲಿ ತಾವೊಬ್ಬರೇ ಉಳಿದಾಗ ಹೆದರಿಕೆಯಾಗಿ, ಕಾಲು ತಾನಾಗಿಯೇ ಅವರ ಹಿಂದೆ ಹೋಯಿತಂತೆ. ಎದುರು ಪಕ್ಕದಲ್ಲಿ ಎಷ್ಟು ಜನ ನಿಂತರೆಂದು ಕೇಳಿದೆ. ಇಬ್ಬರೇ ಎಂದರು.

"ನೀವು ಹೋಗಿದ್ರೆ ಮೂವರಾಗ್ತಿದ್ರು."

"ಮೂವರಿಂದ ಏನಾಗ್ತಿತ್ತೇ?"

ಹತ್ತರ ಜೊತೆ ಹನ್ನೊಂದಾಗಿ ಬದುಕಿದವರ ಪ್ರಶ್ನೆ ಅದು.

ಸೀಸರ್ ದಂಡಿನೊಡನೆ ಗಡಿಯ ನದಿ ದಾಟಿದ ಸುದ್ದಿ ಬಂದದ್ದೇ ತಡ, ಪಾಂಪೆಯೊಂದಿಗೆ ದೊಡ್ಡವರೆಲ್ಲ ಊರು ಬಿಟ್ಟರು. ಇವರು ಆಗಲೂ ಅವರ ಬೆನ್ನು ಹಿಡಿದು ಗ್ರೀಸಿನ ಹಡಗು ಹತ್ತಿದರು. ಯುದ್ಧ ಯಾರಿಂದಾಯಿತೆಂದು ಬೀದಿಯಲ್ಲಿ ದಿನವೂ ಜಗಳ. ಸೀಸರನಿಂದ ಎಂದು ಒಬ್ಬ, ಪಾಂಪೆಯಿಂದ ಎಂದು ಇನ್ನೊಬ್ಬ. ನಾನು ಸುಮ್ಮನೆ ಬಾಗಿಲು ಹಾಕಿಕೊಳ್ಳುತ್ತೇನೆ. ಮನೆ ಬಿಕೋ ಎನ್ನುತ್ತದೆ. ಇವರ ಮೇಲೆ ಸಿಟ್ಟಿದೆ, ಆದರೂ ಇವರು ಬೇಕು.

ವಸಂತದಲ್ಲಿ ಸೀಸರನ ದಂಡಿನೊಂದಿಗೆ ವಿಬಿಯುಸ್ ಮನೆಗೆ ಬಂದ. ರೊಟ್ಟಿ, ಆಲಿವ್ ಮುಂದಿಟ್ಟೆ. ಸ್ವಲ್ಪ ತಿಂದು ಕೇಳಿದ: "ಅವತ್ತು ಅಪ್ಪ ಯಾವ ಕಡೆ ನಡೆದ್ರು?"

"ಅವತ್ತು ಅವರು ಹೋಗೇ ಇರ್ಲಿಲ್ಲ ಕಣೋ. ಮೈ ಸರಿ ಇರ್ಲಿಲ್ಲ."

ಅವನು ರೇಗಲಿಲ್ಲ. "ನಮ್ಮ ದಂಡಿನ ಹುಡುಗರು ಎಷ್ಟೋ ಜನ ಮನೆಗೆ ಹೋಗಿ ಬಂದ್ರು, ಅಮ್ಮ. ಅವತ್ತು ಎಲ್ಲರ ಅಪ್ಪಂದಿರಿಗೂ ಮೈ ಸರಿ ಇರ್ಲಿಲ್ವಂತೆ."

ಹಡಗು ಸಿಕ್ಕ ಕೂಡಲೇ ತಮ್ಮ ದಂಡೂ ಪಾಂಪೆಯ ಬೆನ್ನಟ್ಟಿ ಗ್ರೀಸಿಗೆ ಹೋಗುವುದೆಂದು ಹೇಳಿದ. ಅಲ್ಲಿ ಅಪ್ಪ ಎದುರಾದರೆ ಎಂದು ಕೇಳಿದೆ.

"ಎದುರಾಗದೇ ಇರ್ಲಿ ಅಂತ ಬೇಡ್ಕೋ," ಎಂದು ನನ್ನ ಹಣೆಗೆ ಮುತ್ತಿಟ್ಟು ಹೊರಟುಹೋದ.

ದಿನವೂ ಒಲೆಯ ದೇವರ ಮುಂದೆ ಕೂರುತ್ತೇನೆ. ಯಾರ ದಂಡು ಗೆಲ್ಲಲಿ ಎಂದು ಬೇಡಲಿ? ಏನೂ ಕೇಳದೆ ಎದ್ದು ಬರುತ್ತೇನೆ.