ಐದು ನಿಮಿಷ ಸುಮ್ಮನೆ

ಬೆಳಿಗ್ಗೆ ಏಳು ನಲವತ್ತು. ಗಾರೆಯವನ ಬಿಪಿ ನೂರ ಎಪ್ಪತ್ತೆರಡು.

"ಥೂ ಬೋಳಿಮಗನೆ, ನಿನ್ನೆಗಿಂತ ಜಾಸ್ತಿ," ಎಂದ ಸೇಫ್ಟಿ ಆಫೀಸರ್. "ಮೇಲಿಂದ ಬಿದ್ದು ಸತ್ರೆ ಉತ್ತರ ಕೊಡೋನು ನಾನು."

ಗೇಟಿನ ಪಕ್ಕ ಮೇಜು, ಮೇಜಿನ ಹಿಂದೆ ಕಂಪನಿಯ ಹೊಸ ಬೋರ್ಡು: ನಿಮ್ಮ ಆರೋಗ್ಯ ನಮ್ಮ ಹೊಣೆ. ಹದಿನೈದು ದಿನದಿಂದ ದಿನಾ ತಪಾಸಣೆ. ನೂರ ಅರವತ್ತು ದಾಟಿದರೆ ಆ ದಿನ ಒಳಗೆ ಬಿಡುವುದಿಲ್ಲ. ಸತತ ಮೂರು ದಿನ ದಾಟಿದರೆ ಕೆಲಸವೂ ಇಲ್ಲ, ಸೈಟಿನ ಹಿಂದಿನ ತಗಡಿನ ಶೆಡ್ಡೂ ಇಲ್ಲ. ಗಾರೆಯವನಿಗೆ ಇದು ಮೂರನೆಯ ದಿನ.

ಸಾಲಿನಲ್ಲಿದ್ದ ನಾವು ನಲವತ್ತಮೂರು ಜನ ನಮ್ಮ ನಮ್ಮ ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆವು. ಉಪ್ಪು ಬಿಟ್ಟು ವಾರವಾಯಿತು, ಹೆಂಡತಿ ಏನು ಮಾಡಿದರೂ ಒಂದೇ ರುಚಿ ಎಂದು ಕಂಬಿ ಕಟ್ಟುವವನು ಹೇಳಿದ. "ಮೊದ್ಲೂ ಹಂಗೇ ಇತ್ತಲ್ಲ," ಎಂದರು ಯಾರೋ. ಯಾರೂ ನಗಲಿಲ್ಲ.

ಹೆದರಬೇಡಿ ಅಣ್ಣ ಎನ್ನುತ್ತ ನರ್ಸ್ ಇನ್ನೊಮ್ಮೆ ಗಾರೆಯವನ ತೋಳಿಗೆ ಪಟ್ಟಿ ಸುತ್ತಿದಳು. ಪಟ್ಟಿ ಬಿಗಿಯಾಗುತ್ತಿದ್ದಂತೆ ಆಫೀಸರ್ ಬಗ್ಗಿ ಅವನ ಮುಖಕ್ಕೆ ಮುಖ ತಂದ. ನೂರ ಎಂಬತ್ತು.

"ಶೆಡ್ ಖಾಲಿ ಮಾಡು."

ಗಾರೆಯವನು ಏನೋ ಹೇಳಹೋದ. ಹಿಂದೆ ನಿಂತಿದ್ದ ಅವನ ಹೆಂಡತಿ, ಇಟ್ಟಿಗೆ ಹೊರುವಾಕೆ, ಮುಂದೆ ಬಂದಳು.

"ನೀವು ಎದುರಿಗೆ ನಿಂತಿದ್ರೆ ನಮ್ಮನೆಯವ್ರಿಗೆ ಅದು ಇಳಿಯಲ್ಲ ಸಾರ್. ಸ್ವಲ್ಪ ಆಚೆ ಹೋಗಿ."

"ಏನಂದೆ?"

"ಆಚೆ ಹೋಗಿ ಅಂದೆ."

ನಿಯಮ ಇರುವುದೂ ಹಾಗೆಯೇ, ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಬೇಕು ಎಂದು ನರ್ಸ್ ಮೀಟರಿನಿಂದ ಕಣ್ಣೆತ್ತದೆ ಹೇಳಿದಳು. ಹದಿನೈದು ದಿನದಲ್ಲಿ ಅವಳು ಅದನ್ನು ಹೇಳಿದ್ದು ಅದೇ ಮೊದಲು.

ಹೆಂಡತಿ ಗಂಡನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಕಂಬಿಯವನು ಕೂತ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಗೇಟಿಗೆ ಅಡ್ಡವಾಗಿ ಕೂತೆವು. ನಾನು ಕೂತದ್ದು ಧೈರ್ಯದಿಂದಲ್ಲ, ಒಬ್ಬನೇ ನಿಂತಿರಲು ಭಯವಾಗಿ. ರಸ್ತೆಯಲ್ಲಿ ಕಾಂಕ್ರೀಟ್ ಲಾರಿ ಒಂದೇ ಸಮನೆ ಹಾರನ್ ಹೊಡೆಯುತ್ತಿತ್ತು.

"ಎದ್ದೇಳ್ರೋ. ಏನ್ ಮಾಡ್ತಿದೀರ?"

"ಸುಮ್ನೆ ಕೂತಿದೀವಿ ಸಾರ್," ಎಂದ ಕಂಬಿಯವನು. "ಐದ್ ನಿಮಿಷ."

ಆಫೀಸರ್ ಫೋನ್ ಮಾಡಿದ. ನಿಂತ ಜಾಗದಿಂದ ಕದಲಲಿಲ್ಲ.

ಎಂಟು ಇಪ್ಪತ್ತಕ್ಕೆ ಪೊಲೀಸ್ ಜೀಪು ಬಂತು. ಯಾರೂ ಏಳಲಿಲ್ಲ. ನರ್ಸ್ ಗಾರೆಯವನ ತೋಳಿಗೆ ಮತ್ತೆ ಪಟ್ಟಿ ಸುತ್ತಿದಳು. ಇನ್ನೂರ ನಾಲ್ಕು.